ಈಶಾನ್ಯದ ಗಾಜಿನ ಕೋಣೆ

ಆ ಕೋಣೆಯ ಬಾಗಿಲು ತೆಗೆದರೆ ಮೊದಲು ಮೂಗಿಗೆ ಬಡಿಯುವುದು ಒದ್ದೆ ಹಲಗೆಯ ನಾತ. ಅದರ ಬೆನ್ನಿಗೇ ಊದುಬತ್ತಿಯ ವಾಸನೆ. ಎರಡೂ ಸೇರಿ ಹುಟ್ಟುವ ಮೂರನೆಯದೊಂದು ಇದೆಯಲ್ಲ, ಅದಕ್ಕೆ ಹೆಸರಿಡುವುದು ಮೈಥಿಲಿಯಿಂದ ಇನ್ನೂ ಆಗಿರಲಿಲ್ಲ. ಬೆಳಗ್ಗೆ ಎದ್ದು ಅದನ್ನೊಮ್ಮೆ ಉಸಿರಿಗೆ ಎಳೆದುಕೊಂಡರೆ ಮುಗಿಯಿತು, ಆಮೇಲೆ ಕುಡಿದ ಕಾಫಿ ಕೂಡ ಅದೇ ರುಚಿ. ದೂರದೇಶದ ಈ ಫ್ರೀಮಾಂಟಿನಲ್ಲಿ ಮನೆ ಕೊಂಡು ನಾಲ್ಕು ವರ್ಷವಾಗಿತ್ತು. ಆ ಮನೆಗೆ ಈ ಸನ್‌ರೂಮೆಂಬ ಗಾಜಿನ ಗೂಡನ್ನು ಅಂಟಿಸಿಕೊಂಡು ಐದು ತಿಂಗಳು.

ಜನವರಿ ತಿಂಗಳ ಆ ಭಾನುವಾರ ಅವಳು ಬಾಗಿಲು ತೆಗೆದಾಗ ಗಂಡ ಶ್ರೀಕಂಠ ಕುರ್ಚಿ ಹತ್ತಿ ಪರದೆ ಕಟ್ಟುತ್ತಿದ್ದ. ದಪ್ಪನೆಯ ಹಸಿರು ಪರದೆ, ನೆಲದವರೆಗೆ.

"ಇದೇನ್ರೀ?"

"ಮಧ್ಯಾಹ್ನ ವಿರುಪಾಕ್ಷಪ್ಪ ಅಂತ ಒಬ್ರು ಬರ್ತಾ ಇದಾರೆ. ಹುಬ್ಬಳ್ಳಿ ಕಡೆಯವರು, ಹೋದ ತಿಂಗಳು ಮನೆ ತಗೊಂಡಿದಾರೆ. ಜಯರಾಮ್ ಮಾಡಿರೋ ಕೆಲಸ ನೋಡ್ಬೇಕಂತೆ. ಅವರಿಗೂ ಸನ್‌ರೂಮು ಬೇಕಂತೆ."

"ನೋಡ್ಲಿ. ಅದಕ್ಕೆ ಪರದೆ ಯಾಕೆ?"

ಶ್ರೀಕಂಠ ಗೋಡೆಯ ಕಡೆ ಕಣ್ಣು ತೋರಿಸಿದ. ಮೂಲೆಯಿಂದ ಮೇಲಕ್ಕೆ ಆಳೆತ್ತರ ಕಪ್ಪಗೆ ಬೂಸ್ಟು ಹಿಡಿದಿತ್ತು. "ಬಂದವರ ಮುಂದೆ ಚೆನ್ನಾಗಿರಲ್ಲ," ಎಂದ.

ಮೈಥಿಲಿಗೆ ಥೂ ಅನ್ನಿಸಿತು. ಅಡಿಗೆಮನೆಗೆ ಹೋಗಿ ಬೇಕಿಲ್ಲದಿದ್ದರೂ ಕೈ ತೊಳೆದುಕೊಂಡಳು.

ಇಷ್ಟಕ್ಕೂ ಅವಳ ಉದ್ಯೋಗವೇ ತಪ್ಪು ಹಿಡಿಯುವುದು. ಸೇತುವೆ ದಾಟಿ ಸನ್ನಿವೇಲಿನ ಕಂಪ್ಯೂಟರ್ ಚಿಪ್ ತಯಾರಿಸುವ ಕಾರ್ಖಾನೆಗೆ ಹೋಗಿ, ಬಿಳಿ ಟೋಪಿ ಹಾಕಿಕೊಂಡು, ದಿನವಿಡೀ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ಕೂರುವವಳು. ಕೂದಲೆಳೆಯಷ್ಟು ಗೀರು ಕಂಡರೂ ಸರಿ, ಆ ತುಂಡು ಕೆಂಪು ಡಬ್ಬಿಗೆ. ದಾಕ್ಷಿಣ್ಯವಿಲ್ಲ, ಕಾರಣ ಹೇಳಬೇಕಾಗಿಲ್ಲ. ಅಂಥ ಮೈಥಿಲಿ ತನ್ನ ಮನೆಗೆ ಇಷ್ಟು ದೊಡ್ಡ ಅವಲಕ್ಷಣವನ್ನು ಕೈಯಾರೆ ಕುಂಕುಮ ಇಟ್ಟು ಬರಮಾಡಿಕೊಂಡಿದ್ದಳು. ಅದನ್ನು ನೆನೆದರೆ ಬೇರೆಯವರ ಮೇಲಿಗಿಂತ ತನ್ನ ಮೇಲೇ ಅವಳಿಗೆ ಹೆಚ್ಚು ಹೇಸಿಗೆ.

ಸನ್‌ರೂಮು ಬೇಕಾಗಿದ್ದದ್ದು ಅತ್ತೆಗೆ. ಮಾವ ತೀರಿಕೊಂಡ ಮೇಲೆ ಮೈಸೂರಿನಿಂದ ಬಂದು ಇವರ ಜೊತೆಗೇ ಇದ್ದರು. ಆಕೆಯ ಬೆರಳ ಗಂಟುಗಳು ಚಳಿಗೆ ಊದಿಕೊಳ್ಳುತ್ತಿದ್ದವು. ಬೆಳಗ್ಗೆ ನಾಲ್ಕು ವರ್ಷದ ಮೊಮ್ಮಗಳು ಪುಟ್ಟಿಯ ಅಂಗಿಗೆ ಗುಂಡಿ ಹಾಕಲಾಗದೆ ಕಣ್ಣಲ್ಲಿ ನೀರು ತಂದುಕೊಳ್ಳುತ್ತಿದ್ದರು. ಹೀಟರು ಹಾಕಿದರೆ ಗಂಟಲು ಒಣಗಿ ಕೆಮ್ಮು. ಹೊರಗೆ ಕೂರೋಣವೆಂದರೆ ಕೊಲ್ಲಿಯ ಕಡೆಯಿಂದ ಕೊರೆಯುವ ಗಾಳಿ. "ಮೈಸೂರಲ್ಲಿ ಜಗಲಿ ಮೇಲೆ ಒಂದು ಗಳಿಗೆ ಕೂತ್ರೆ ಕೈಯ ಬಿಗಿ ಬಿಡ್ತಾ ಇತ್ತು ಕಣೇ," ಅನ್ನುತ್ತಿದ್ದರು. ಎರಡನೇ ಚಳಿಗಾಲ ಕಳೆದ ಮೇಲೆ ಒಂದು ದಿನ ಸಮಾಧಾನವಾಗಿಯೇ ಹೇಳಿದರು: "ಇನ್ನೊಂದು ಚಳಿ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಟಿಕೆಟ್ ತೆಗೆಸ್ಕೊಡಿ, ಮಗಳ ಮನೇಲಿರ್ತೀನಿ."

ಹತ್ತನೇ ವರ್ಷಕ್ಕೆ ತಾಯಿಯನ್ನು ಕಳೆದುಕೊಂಡವಳು ಮೈಥಿಲಿ. ಮದುವೆಯಾಗಿ ಬಂದವಳನ್ನು ಮತ್ತೆ ಕಾಲೇಜಿಗೆ ಕಳಿಸಿ, ಪರೀಕ್ಷೆಯ ದಿನ ಹಾರ್ಲಿಕ್ಸ್ ಕಲಸಿಕೊಟ್ಟು ಬಿ.ಎಸ್ಸಿ. ಮಾಡಿಸಿದ್ದು ಈ ಅತ್ತೆ. ಆಕೆ ಹೊರಟುಹೋದರೆ ಮನೆಯಲ್ಲಿ ಉಳಿಯುವುದೇನು? ಹೇಗಾದರೂ ಮಾಡಿ ಆಕೆಗೆ ಬಿಸಿಲು ಒದಗಿಸಲೇಬೇಕು ಎಂದು ಗಂಡನ ಹಿಂದೆ ಬಿದ್ದದ್ದು ಅವಳೇ.

ಕಾಂಟ್ರಾಕ್ಟರು ಸಿಕ್ಕಿದ್ದು ಡ್ಯಾನ್‌ವಿಲ್‌ನಲ್ಲಿ. ಅಲ್ಲಿ ಕನ್ನಡ ಕೂಟದಲ್ಲಿ ಪರಿಚಯವಾಗಿದ್ದ ಡಾಕ್ಟರು ಗುರುಪ್ರಸಾದ, ಪದ್ಮಜಾ ದಂಪತಿಗಳ ದೊಡ್ಡ ಮನೆ. ಅವರು ಆಗಷ್ಟೇ ಒಂದು ಸನ್‌ರೂಮು ಕಟ್ಟಿಸಿದ್ದರು. ನೋಡಲು ಬನ್ನಿ ಎಂದವರು ಕರೆದದ್ದು ರಾತ್ರಿಯ ಊಟಕ್ಕೆ. ಹೋದಾಗ ಕತ್ತಲಾಗಿತ್ತು. ಕೋಣೆಗೆ ಮೆರೂನ್ ಬಣ್ಣದ ಪರದೆ, ಮೂರು ಮೂರು ಊದುಬತ್ತಿ. ಮೈಥಿಲಿ ಅಭ್ಯಾಸಬಲದಿಂದ ಪರದೆಯ ಅಂಚಿಗೆ ಕೈ ಹಾಕಿದ್ದಳು. ಪದ್ಮಜಾ ಮೆಲ್ಲಗೆ ಅವಳ ಮೊಣಕೈ ಹಿಡಿದು, "ಬನ್ರೀ, ಬಿಸಿಬೇಳೆಭಾತು ಆರಿಹೋಗುತ್ತೆ," ಎಂದು ಕರೆದುಕೊಂಡು ಹೋದಳು.

"ಕೆಲಸ ಹೇಗೆ?" ಎಂದು ಊಟದ ನಡುವೆ ಮೈಥಿಲಿ ಕೇಳಿದಳು.

"ಜಯರಾಮ್ ನಮ್ಮವರು ಕಣ್ರೀ," ಎಂದಳು ಪದ್ಮಜಾ. "ಕನ್ನಡದವರು. ದೂರದೂರಲ್ಲಿ ನಮ್ಮವರಿಗೆ ನಾವೇ ಆಗದೆ ಇನ್ಯಾರು ಆಗ್ತಾರೆ?"

ಕೇಳಿದ್ದು ಕೆಲಸ ಹೇಗೆ ಅಂತ, ಹೇಳಿದ್ದು ಮನುಷ್ಯ ಯಾರು ಅಂತ. ಅದು ಉತ್ತರವಲ್ಲ ಅನ್ನುವುದು ಆ ಹೊತ್ತು ಮೈಥಿಲಿಗೆ ಹೊಳೆಯಲೇ ಇಲ್ಲ. ಭಾತಿಗೆ ಇನ್ನೊಂದು ಚಮಚ ತುಪ್ಪ ಹಾಕಿಸಿಕೊಂಡು ಮನೆಗೆ ಬಂದಳು.

ಜೂನ್ ಮೊದಲ ವಾರ ಜಯರಾಮ್ ಬಂದ. ನಲವತ್ತರ ಆಸುಪಾಸು, ಹಣೆಯಲ್ಲಿ ಸಣ್ಣ ಕುಂಕುಮ, ಕತ್ತಿಗೆ ಟೈ, ಸೊಂಟದಲ್ಲಿ ಅಳತೆಯ ಟೇಪು. ಬಾಗಿಲಲ್ಲೇ ಬೂಟು ಬಿಚ್ಚಿ, ನೇರ ಹೋಗಿ ಅತ್ತೆಯ ಕಾಲಿಗೆ ಬಿದ್ದ. ಅಲ್ಲಿಗೆ ಅರ್ಧ ಕೆಲಸ ಮುಗಿಯಿತು. ಉಳಿದರ್ಧ ಊಟದಲ್ಲಿ ಮುಗಿಯಿತು. ಹುಳಿಯನ್ನು ಎರಡು ಸಲ ಹಾಕಿಸಿಕೊಂಡ, ಮಜ್ಜಿಗೆಯನ್ನು ಅಂಗೈಯಲ್ಲಿ ಕುಡಿದ, "ಅಕ್ಕಾ, ನಮ್ಮಮ್ಮನ ಕೈರುಚಿ ನೆನಪಾಯ್ತು," ಎಂದ. ಮೈಥಿಲಿ ಒಂದು ಚೀಟಿಯಲ್ಲಿ ಕೇಳಬೇಕಾದ್ದನ್ನೆಲ್ಲ ಬರೆದಿಟ್ಟುಕೊಂಡಿದ್ದಳು. ಲೈಸೆನ್ಸು ಇದೆಯಾ, ಸಿಟಿಯ ಪರ್ಮಿಟ್ಟು ಯಾವಾಗ, ಗಾಜು ಎಲ್ಲಿಯದು, ಮಳೆನೀರು ಯಾವ ಕಡೆ ಹರಿಯುತ್ತೆ. ಅನ್ನ ತಿಂದು ಕೈ ತೊಳೆಯುತ್ತಿರುವವನ ಮುಂದೆ ನಿಂತು ಲೈಸೆನ್ಸು ತೋರಿಸಪ್ಪಾ ಅನ್ನುವುದು ಹೇಗೆ? ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಒಂದು ಮಾತನ್ನು ಮಾತ್ರ ಆಡಿದಳು. ಹಿತ್ತಲಿನ ಆಗ್ನೇಯ ಮೂಲೆ ತೋರಿಸಿ, "ಇಲ್ಲಿ ಮಾಡಿ. ಚಳಿಗಾಲದಲ್ಲೂ ನಾನು ಬಟ್ಟೆ ಒಣಗಿಸೋದು ಇಲ್ಲೇ," ಎಂದಳು. ಅಲ್ಲಿ ಒಂದು ಪರ್ಸಿಮನ್ ಹಣ್ಣಿನ ಮರವಿತ್ತು. ಉಳಿದದ್ದೆಲ್ಲ ಬರೀ ಮಣ್ಣು.

ಜಯರಾಮ್ ನಾಲಿಗೆ ಕಚ್ಚಿಕೊಂಡ. "ಅಕ್ಕಾ, ಅದು ಆಗ್ನೇಯ. ಬೆಂಕಿ ಮೂಲೆ. ಹೆತ್ತ ತಾಯೀನ ಅಲ್ಲಿ ಕೂರಿಸ್ತಾರಾ?" ಎಂದು ಅತ್ತೆಯ ಕಡೆ ತಿರುಗಿದ. "ಅಮ್ಮಾವ್ರೇ, ನೀವೇ ಹೇಳಿ. ಹಿರಿಯರಿಗೆ ಅಂದ್ರೆ ಈಶಾನ್ಯ. ದೇವರ ಮೂಲೆ."

"ಹೌದು, ನಮ್ಮನೆಯವರೂ ಹಾಗೇ ಹೇಳೋರು," ಎಂದರು ಅತ್ತೆ. ಮಾವನ ನೆನಪು ಬಂತು ಅಂದ ಮೇಲೆ ಇನ್ನು ಮಾತಿಲ್ಲ.

ಈಶಾನ್ಯದಲ್ಲಿ ಮನೆಯ ಉತ್ತರದ ಗೋಡೆಗೆ ಹತ್ತಿಕೊಂಡು ಹಿಂದಿನ ಮಾಲೀಕರು ಹಾಕಿಸಿದ್ದ ಪ್ಯಾಟಿಯೋ ಇತ್ತು, ಹಳೆಯ ಕಾಂಕ್ರೀಟಿನ ಕಟ್ಟೆ. ಅಲ್ಲಿ ಕಟ್ಟಿದರೆ ನೆಲ ಅಗೆಯುವ ಕೆಲಸವೇ ಇಲ್ಲ. ಆ ಮಹಾಶಯನ ವಾಸ್ತು ಇದ್ದದ್ದೆಲ್ಲ ಅಷ್ಟರಲ್ಲಿ. ಆದರೆ ಮಾರನೆಯ ದಿನ ಬೆಳಗ್ಗೆ ಎಂಟೂವರೆಗೆ ಎಲ್ಲರೂ ಹೋಗಿ ನಿಂತು ನೋಡಿದ್ದರು. ಕಟ್ಟೆಯ ತುಂಬ ಬಿಸಿಲು. ಅತ್ತೆ ಎರಡೂ ಕೈ ಚಾಚಿ, "ಎಷ್ಟು ಹಿತವಾಗಿದೆ ಮೈಥಿಲಿ," ಎಂದಿದ್ದರು.

ಜೂನಿನಲ್ಲಿ ಸೂರ್ಯ ಈಶಾನ್ಯಕ್ಕೇ ಹುಟ್ಟುತ್ತಾನೆ. ಡಿಸೆಂಬರಿನಲ್ಲಿ ದಕ್ಷಿಣಕ್ಕೆ ಜಾರಿ, ಮನೆಯ ಆಚೆ ಬದಿಯಲ್ಲೇ ಹಾದು ಮುಳುಗುತ್ತಾನೆ. ಮೈಸೂರಿನಲ್ಲಿ ಅವನು ವರ್ಷವಿಡೀ ಹೆಚ್ಚುಕಮ್ಮಿ ನೆತ್ತಿಯ ಮೇಲೇ ಇರುತ್ತಾನಾದ್ದರಿಂದ ಯಾರೂ ಇದರ ಗೊಡವೆಗೆ ಹೋಗಬೇಕಾಗಿಲ್ಲ. ಇಲ್ಲಿ ಹಾಗಲ್ಲ. ಶ್ರೀಕಂಠ ಎಲೆಕ್ಟ್ರಿಕಲ್ ಎಂಜಿನಿಯರು, ಮೈಥಿಲಿ ಭೌತಶಾಸ್ತ್ರದಲ್ಲಿ ಮೊದಲ ದರ್ಜೆ. ಇಬ್ಬರು ಪದವೀಧರರು ಹಾಗೂ ಒಬ್ಬ ಟೈ ಕಟ್ಟಿದ ಕಾಂಟ್ರಾಕ್ಟರು ಸೇರಿ ಚಳಿಗಾಲದ ಬಿಸಿಲಿಗಾಗಿ ಚಳಿಗಾಲದಲ್ಲಿ ಬಿಸಿಲೇ ಬೀಳದ ಜಾಗವನ್ನು ಆರಿಸಿದರು.

ಗುರುವಾರ ಬಿಟ್ಟರೆ ಮುಂದೆ ಆರು ವಾರ ಮುಹೂರ್ತವಿಲ್ಲ ಎಂದು ಜಯರಾಮ್ ಪಂಚಾಂಗ ಬಿಡಿಸಿ ತೋರಿಸಿದ. ಪರ್ಮಿಟ್ಟು ಆಮೇಲೆ ತಂದರಾಯಿತು. ಗುರುವಾರ ಕಾಂಕ್ರೀಟಿನ ಮೇಲೆ ಅರಿಶಿನ ಕುಂಕುಮ ಬಿದ್ದು, ತೆಂಗಿನಕಾಯಿ ಒಡೆದು, ಗುದ್ದಲಿ ಪೂಜೆ ಆಯಿತು. ಗುದ್ದಲಿಯ ಕೆಲಸವೇ ಇಲ್ಲದ ಕಡೆ ಗುದ್ದಲಿ ಪೂಜೆ. ಕೆಲಸದ ಇಬ್ಬರು ಆಳುಗಳು ಟೋಪಿ ಕೈಯಲ್ಲಿ ಹಿಡಿದು ನಿಂತು ನೋಡಿ, ಕೋಸಂಬರಿ ತಿಂದರು.

ಗಾಜುಗಳು ಯಾವುದೋ ಮುಚ್ಚಿದ ಹೋಟೆಲಿನಿಂದ ಬಂದವು. ಒರೆಸಿದಷ್ಟೂ ಜಿಡ್ಡು ಬಿಡಲಿಲ್ಲ. ಚಾವಣಿಯ ಇಳಿಜಾರು ಹೊರಕ್ಕಿರಬೇಕಾದ್ದು ಗೋಡೆಯ ಕಡೆಗೇ ಬಾಗಿತ್ತು. ಮೈಥಿಲಿ ಕೇಳಿದರೆ, "ನೀರು ಈಶಾನ್ಯದಲ್ಲಿ ನಿಂತ್ರೆ ಒಳ್ಳೇದೇ ಅಕ್ಕಾ," ಎಂದು ನಕ್ಕ. ಅದಕ್ಕೆ ಇವಳೂ ನಕ್ಕಳು. ಆಗಸ್ಟಿನಲ್ಲಿ ಕೆಲಸ ಮುಗಿದು, ಗಾಜಿನ ಕೋಣೆಯಲ್ಲಿ ಹಾಲುಕ್ಕಿಸಿ, ಜಯರಾಮನಿಗೆ ಶಾಲು ಹೊದಿಸಿ ಹಣ್ಣು ಕೊಟ್ಟರು. ಶಾಲು ಆರಿಸಿ ತಂದವಳು ಮೈಥಿಲಿ. ಈಗ ಆ ಶಾಲಿನ ನೆನಪಾದರೆ ಬೆರಳೆಲ್ಲ ಅಂಟಂಟು ಅನ್ನಿಸುತ್ತದೆ.

ಅಕ್ಟೋಬರ್ ಬರುವ ಹೊತ್ತಿಗೆ ಬಿಸಿಲು ದಿನಕ್ಕೊಂದು ಗೇಣು ಹಿಂದೆ ಸರಿದು, ದೀಪಾವಳಿಯ ಹೊತ್ತಿಗೆ ಪೂರ್ತಿ ಮಾಯವಾಯಿತು. ನವೆಂಬರಿನ ಮೊದಲ ಮಳೆಗೆ ಮೂರು ಕಡೆ ಸೋರಿತು. ಜಯರಾಮನಿಗೆ ಫೋನು ಮಾಡಿದರೆ ಯಂತ್ರ ಮಾತಾಡುತ್ತಿತ್ತು. ಕೊನೆಯಲ್ಲಿ "ಶುಭವಾಗಲಿ" ಅನ್ನುತ್ತಿತ್ತು. ಹನ್ನೊಂದು ಸಲ ಆ ಶುಭಹಾರೈಕೆ ಕೇಳಿಸಿಕೊಂಡ ಮೇಲೆ ಮೈಥಿಲಿ, ಸಿಟಿಯ ಕಚೇರಿಗೆ ದೂರು ಕೊಡೋಣ ಎಂದಳು.

"ಪರ್ಮಿಟ್ಟೇ ತಗೊಂಡಿಲ್ಲ ನಾವು. ಮೊದಲು ನಮ್ಮನ್ನೇ ಹಿಡೀತಾರೆ," ಎಂದ ಶ್ರೀಕಂಠ. "ಅಲ್ಲದೆ ಕೂಟದಲ್ಲಿ ಎಲ್ಲರಿಗೂ ಗೊತ್ತಾದ್ರೆ ಏನಂದ್ಕೋತಾರೆ?"

ಮೈಥಿಲಿ ಪದ್ಮಜಾಗೆ ಫೋನು ಮಾಡಿ ನೇರವಾಗಿ ಕೇಳಿದಳು. "ನಿಮ್ಮನೇಲೂ ಸೋರುತ್ತಾ?"

"ಸ್ವಲ್ಪ ಸೋರುತ್ತಪ್ಪ. ಬಕೆಟ್ ಇಡ್ತೀವಿ."

"ಮತ್ತೆ ಅವತ್ತು ಯಾಕೆ ಹೇಳ್ಲಿಲ್ಲ?"

"ಹೇಗ್ರೀ ಹೇಳೋದು? ನಾವೇ ಮೋಸ ಹೋದ್ವಿ ಅಂತ ಊರಿಗೆಲ್ಲ ಸಾರೋಕಾಗುತ್ತಾ? ಡಾಕ್ಟರ ಮನೆ ಅಂತ ಒಂದು ಮರ್ಯಾದೆ ಇರುತ್ತಲ್ಲ."

ಮೈಥಿಲಿ ಫೋನಿಟ್ಟು ಸಿಂಕಿನ ಹತ್ತಿರ ಹೋಗಿ ಬಾಯಿ ಮುಕ್ಕಳಿಸಿದಳು.

ಎಲ್ಲಕ್ಕಿಂತ ನೋಡಲಾಗದ್ದು ಅತ್ತೆಯ ಸಭ್ಯತೆ. ದಿನಾ ಬೆಳಗ್ಗೆ ಏಳಕ್ಕೆ ಎರಡು ಸ್ವೆಟರು, ಒಂದು ಶಾಲು ಹೊದ್ದು ಆ ನಾತದ ನಡುವೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಶ್ರೀಕಂಠ ಆಫೀಸಿಗೆ ಹೊರಡುವ ಮುಂಚೆ ಇಣುಕಿ, "ಚೆನ್ನಾಗಿದೆ ಅಲ್ವಾಮ್ಮಾ?" ಅನ್ನುವನು. "ಚೆನ್ನಾಗಿದೆ ಕಣೋ," ಅನ್ನುವರು. ಅವನ ಕಾರು ಹೊರಟ ಸದ್ದು ಕೇಳಿದ ಮೇಲೆಯೇ ಎದ್ದು ಒಳಗೆ ಬರುವರು. ಮೈಥಿಲಿ ಹೊರಡುವ ಹೊತ್ತಿಗೆ ಅವರು ಕಾಫಿ ಲೋಟವನ್ನು ಎರಡೂ ಅಂಗೈಯಿಂದ ಅವುಚಿ ಹಿಡಿದಿರುತ್ತಿದ್ದರು. ಬೆರಳು ಮಡಿಸಲು ಬರುತ್ತಿರಲಿಲ್ಲ.

ಆ ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ ವಿರುಪಾಕ್ಷಪ್ಪ ಬಂದರು. ದೊಡ್ಡ ಮೀಸೆ, ಮೆತ್ತಗಿನ ಮಾತು. ಜೊತೆಗೆ ಹೆಂಡತಿ, ಇಂದು ಅಂತ ಹೆಸರು, ಏಳು ತಿಂಗಳ ಬಸುರಿ. ಮೆಟ್ಟಿಲೇರುವಾಗ ಸೊಂಟಕ್ಕೆ ಕೈ ಕೊಟ್ಟುಕೊಂಡಳು.

"ನಮ್ಮವ್ವ ಬರ್ತಾಳ್ರಿ ಬಾಣಂತನಕ್ಕ," ಎಂದಳು ಇಂದು. "ಆಕಿಗೆ ಥಂಡಿ ಆಗಿ ಬರಂಗಿಲ್ಲ. ಕೂಸಿಗೂ ಎಳಿ ಬಿಸಲು ಬೇಕಲ್ರಿ. ಅದಕ್ಕ ಈ ಖೋಲಿ ವಿಚಾರ ಮಾಡೀವಿ."

"ಡಾಕ್ಟರ್ ಗುರುಪ್ರಸಾದರು ಭಾಳ ಹೇಳಿದ್ರು," ಎಂದರು ವಿರುಪಾಕ್ಷಪ್ಪ. "ಜಯರಾಮ್ ಅವರು ನಾಳೆನ ಬರ್ತೀನಿ ಅಂದಾರ. ಗುರುವಾರ ಮುಹೂರ್ತ ಛಲೋ ಐತಂತ."

ಹನ್ನೊಂದು ಸಲ ಸಿಗದಿದ್ದವನು ಇವರಿಗೆ ನಾಳೆಯೇ ಸಿಗುತ್ತಾನೆ. ಮೈಥಿಲಿ ಗಂಡನ ಮುಖ ನೋಡಿದಳು. ಅವನು ಗೋಡೆಯ ಗಡಿಯಾರ ನೋಡುತ್ತಿದ್ದ.

ಎಲ್ಲರೂ ಗಾಜಿನ ಕೋಣೆಗೆ ಹೋದರು. ಹಸಿರು ಪರದೆ, ದೀಪ ಹಚ್ಚಿದೆ, ಊದುಬತ್ತಿ ಹೊಗೆಯಾಡುತ್ತಿದೆ. ಇಂದು ಅತ್ತೆಯ ಕಡೆ ತಿರುಗಿ, "ಅಮ್ಮಾರ, ಬಿಸಲು ಛಲೋ ಬೀಳತದೇನ್ರಿ?" ಎಂದು ಕೇಳಿದಳು.

"ಮಗ ಆಸೆಯಿಂದ ಮಾಡ್ಸಿದಾನಮ್ಮ," ಎಂದರು ಅತ್ತೆ. ಆಮೇಲೆ, ಒಂದು ನಿಮಿಷ ಬಂದೆ ಎಂದು ಹೇಳಿ ಒಳಗೆ ಹೋದರು.

ಇಂದು ಪರದೆಯ ಅಂಚಿಗೆ ಕೈ ಹಾಕಿದಳು. "ಸರಿಸಿ ನೋಡಲೇನ್ರಿ?"

"ಬನ್ನಿ, ಕಾಫಿ ಆರಿಹೋಗುತ್ತೆ," ಎಂದಳು ಮೈಥಿಲಿ.

ಮಾತು ತಾನಾಗಿ ಬಾಯಿಂದ ಬಿದ್ದಿತ್ತು. ಕಾಫಿ ಇನ್ನೂ ಸೋಸಿರಲೇ ಇಲ್ಲ. ಇಂದುವಿನ ಮೊಣಕೈ ಮೇಲೆ ತನ್ನ ಕೈ ಇರುವುದು ಕಂಡು ಮೈಥಿಲಿ ಅದನ್ನು ಹಿಂದಕ್ಕೆಳೆದುಕೊಂಡಳು. ಪದ್ಮಜಾಳನ್ನು ಎರಡು ತಿಂಗಳಿಂದ ಮನಸ್ಸಿನಲ್ಲೇ ಬೈದು ಬೈದು, ಕೊನೆಗೆ ತಾನೂ ಅದೇ ಮಾತನ್ನೇ ಆಡಿದ್ದಳು. ಸರ್ರನೆ ಅಡಿಗೆಮನೆಗೆ ಹೋಗಿ ಲೋಟಗಳನ್ನು ತಟ್ಟೆಯಲ್ಲಿ ಜೋಡಿಸಿದಳು. ಅತ್ತೆಗೂ ಒಂದು ಕೊಡೋಣವೆಂದು ಅವರ ಕೋಣೆಯಲ್ಲಿ ನೋಡಿದರೆ ಇಲ್ಲ. ಬಚ್ಚಲಲ್ಲೂ ಇಲ್ಲ.

ಪುಟ್ಟಿ ಟಿವಿಯ ಮುಂದೆ ಕೂತಿದ್ದಳು. "ಅಜ್ಜಿ ಎಲ್ಲಿ ಪುಟ್ಟಿ?"

"ಇನ್ ದ ಕಾರ್," ಎಂದಳು ಮಗು, ಟಿವಿಯಿಂದ ಕಣ್ಣು ತೆಗೆಯದೆ.

"ಯಾವ ಕಾರು?"

"ಅವರ್ ಕಾರ್. ವಿ ಗೋ ಎವ್ರಿ ಡೇ. ವಿ ಜಸ್ಟ್ ಸಿಟ್."

ಮನೆಯ ಮುಂಬಾಗಿಲು ಪಶ್ಚಿಮಕ್ಕೆ. ಅದರ ಎದುರು, ಕಾರು ನಿಲ್ಲಿಸುವ ಡ್ರೈವ್‌ವೇಯಲ್ಲಿ, ಹಳೆಯ ದೊಡ್ಡ ಸ್ಟೇಷನ್ ವ್ಯಾಗನ್ ಕಾರು ನಿಂತಿತ್ತು. ವಾರದ ದಿನಗಳಲ್ಲಿ ಇಬ್ಬರೂ ಸಣ್ಣ ಕಾರುಗಳಲ್ಲಿ ಹೋಗುವುದರಿಂದ ಅದು ಅಲ್ಲೇ ಇರುತ್ತಿತ್ತು. ಮಧ್ಯಾಹ್ನದ ಬಿಸಿಲು ಅದರ ಗಾಜುಗಳ ಮೇಲೆ ಧಾರಾಳವಾಗಿ ಬಿದ್ದಿತ್ತು. ಹಿಂದಿನ ಸೀಟಿನಲ್ಲಿ ಅತ್ತೆ, ಕಿಟಕಿಗಳನ್ನೆಲ್ಲ ಏರಿಸಿಕೊಂಡು, ಎರಡೂ ಕೈಗಳನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು, ಕಣ್ಣು ಮುಚ್ಚಿ ಕೂತಿದ್ದರು. ಕಾಲಬುಡದಲ್ಲಿ ಪುಟ್ಟಿಯ ಗೊಂಬೆ, ನೀರಿನ ಚೊಂಬು, ಓದಿದ ಹಳೆಯ ವಾರಪತ್ರಿಕೆ. ನಿತ್ಯ ಬಂದು ಇರುವವರ ಸಾಮಾನು.

ಮೈಥಿಲಿ ಬಾಗಿಲು ತೆಗೆದಳು. ಒಳಗಿನಿಂದ ಬೆಚ್ಚನೆಯ ಗಾಳಿ ಮುಖಕ್ಕೆ ಬಂತು. ಅತ್ತೆ ಕಣ್ಣು ತೆರೆದು, ಕದ್ದು ತಿನ್ನುವಾಗ ಸಿಕ್ಕಿಬಿದ್ದವರ ಹಾಗೆ ನಾಚಿಕೊಂಡರು.

"ಅವನಿಗೆ ಹೇಳ್ಬೇಡ ಕಣೇ. ಬೇಜಾರು ಮಾಡ್ಕೋತಾನೆ."

"ಎಷ್ಟು ದಿನದಿಂದ ಅತ್ತೆ?"

"ದೀಪಾವಳಿ ಆದಾಗಿಂದ. ಇಲ್ಲಿ ಕೂತ್ರೆ ಸ್ವಲ್ಪ ಕೈಯ ಬಿಗಿ ಬಿಡುತ್ತೆ. ಆದ್ರೆ ಮಳೆ ದಿನ ಕಷ್ಟ." ತುಸು ತಡೆದು ಮೆಲ್ಲಗೆ ಹೇಳಿದರು. "ಫೆಬ್ರವರಿಗೆ ಟಿಕೆಟ್ ನೋಡು ಮೈಥಿಲಿ. ಮಗಳಿಗೆ ಹುಷಾರಿಲ್ಲ ಅಂತ ಏನಾದ್ರೂ ಹೇಳಿದ್ರಾಯ್ತು. ಈ ರೂಮಿನ ವಿಷಯ ಎತ್ತೋದು ಬೇಡ."

ಅತ್ತೆ ಮಗನಿಗೆ ನೋವಾಗದಿರಲೆಂದು, ಮಗ ಕೂಟದವರಿಗೆ ಅಂಜಿ, ಪದ್ಮಜಾ ಡಾಕ್ಟರ ಮರ್ಯಾದೆಗೆ, ತಾನು ಉಂಡವನ ದಾಕ್ಷಿಣ್ಯಕ್ಕೆ. ಎಲ್ಲರೂ ಎಷ್ಟೊಂದು ಒಳ್ಳೆಯವರು. ಇಷ್ಟೆಲ್ಲ ಒಳ್ಳೆಯತನದ ನಡುವೆ ಆ ಜಯರಾಮ್ ಗುರುವಾರ ಇನ್ನೊಂದು ತೆಂಗಿನಕಾಯಿ ಒಡೆಯುತ್ತಾನೆ. ಮೈಥಿಲಿಗೆ ಅಳು ಬರಲಿಲ್ಲ. ಮೈಮೇಲೆ ಏನೋ ಹೊಲಸು ಬಿದ್ದ ಹಾಗೆ, ಈ ಕ್ಷಣವೇ ಕೊಡವಬೇಕು ಅನ್ನಿಸಿತು.

ಒಳಗೆ ಹೋದಳು. ಗಾಜಿನ ಕೋಣೆಯಲ್ಲಿ ಶ್ರೀಕಂಠ, "ನಮ್ಮವರೇ ಮಾಡಿದ್ದು ನೋಡಿ, ಅದೊಂದು ಸಮಾಧಾನ," ಅನ್ನುತ್ತಿದ್ದ. ಮೈಥಿಲಿ ಅವನನ್ನು ದಾಟಿ ಹೋಗಿ ಪರದೆಯನ್ನು ಪಕ್ಕಕ್ಕೆ ಎಳೆದಳು. ಬೆಳಗ್ಗೆ ಕಟ್ಟಿದ ಹಗ್ಗ ಕಿತ್ತು ಪರದೆಯೆಲ್ಲ ನೆಲಕ್ಕೆ ಬಿತ್ತು. ಕಪ್ಪು ಬೂಸ್ಟು, ಉಬ್ಬಿದ ಹಲಗೆ, ಕೆಳಗೆ ಅರ್ಧ ತುಂಬಿದ ಬಕೆಟ್ಟು. ಗಾಜಿನಾಚೆ ಮನೆಯ ನೆರಳು ಬೇಲಿಯವರೆಗೂ ಹಾಸಿಕೊಂಡಿತ್ತು.

"ಇಲ್ಲಿ ದೀಪಾವಳಿಯಿಂದ ಒಂದು ಹನಿ ಬಿಸಿಲು ಬಿದ್ದಿಲ್ಲ ಇಂದು ಅವರೇ," ಎಂದಳು. "ಮಳೆ ಮಾತ್ರ ತಪ್ಪದೆ ಬೀಳುತ್ತೆ. ಬನ್ನಿ, ಬಿಸಿಲು ಎಲ್ಲಿದೆ ಅಂತ ತೋರಿಸ್ತೀನಿ."

"ಮೈಥಿಲಿ," ಎಂದ ಶ್ರೀಕಂಠ, ತಗ್ಗಿದ ದನಿಯಲ್ಲಿ.

ಅವಳು ತಿರುಗಿ ನೋಡಲಿಲ್ಲ. ಇಂದುವಿನ ಕೈ ಹಿಡಿದು ಮುಂಬಾಗಿಲು ದಾಟಿ ಡ್ರೈವ್‌ವೇಗೆ ಕರೆತಂದಳು. ಗಂಡಸರಿಬ್ಬರೂ ಹಿಂದೆ ಬಂದರು. ಮೈಥಿಲಿ ವ್ಯಾಗನ್ನಿನ ಹಿಂದಿನ ಬಾಗಿಲು ಪೂರ್ತಿ ತೆಗೆದು ಹಿಡಿದಳು.

"ನಮ್ಮತ್ತೆಯ ಸನ್‌ರೂಮು ಇದು. ಮೂರು ತಿಂಗಳಿಂದ ಇಲ್ಲೇ ಕೂತ್ಕೋತಾರೆ. ಫೆಬ್ರವರಿಗೆ ವಾಪಸ್ ಹೊರಟಿದಾರೆ. ನಿಮ್ಮ ತಾಯೀನ ಕರೆಸ್ಕೊಳ್ಳೋ ಮುಂಚೆ ಇದನ್ನ ನೋಡಿರಿ."

ಶ್ರೀಕಂಠ ಬಗ್ಗಿ ಒಳಗೆ ನೋಡಿದ. ತಾಯಿಯ ಊದಿದ ಬೆರಳುಗಳು, ನೀರಿನ ಚೊಂಬು, ಮಗಳ ಗೊಂಬೆ.

"ಅಮ್ಮಾ," ಎಂದ. "ನನಗೆ ಒಂದು ಮಾತು ಹೇಳ್ಬಾರ್ದಿತ್ತಾ?"

ಅತ್ತೆ ಸೊಸೆಯ ಮುಖ ನೋಡಿದರು. ಇನ್ನು ಮುಚ್ಚಿಡಲು ಏನೂ ಉಳಿದಿಲ್ಲವೆಂದು ಕಂಡಿರಬೇಕು.

"ದಿನಾ ಬಂದು ಚೆನ್ನಾಗಿದೆ ಅಲ್ವಾ ಅಂತ ಕೇಳ್ತಿದ್ದೆ ಕಣೋ," ಎಂದರು. "ಬಿಸಿಲು ಬರುತ್ತಾ ಅಂತ ಒಂದಿನಾನೂ ಕೇಳ್ಲಿಲ್ಲ."

ಆಮೇಲೆ ಗೊಂಬೆಯನ್ನು ತೊಡೆಗೆ ಎತ್ತಿಕೊಂಡು, ಒಂದಿಷ್ಟು ಆಚೆ ಸರಿದು, ಇಂದುವಿಗೆ ಜಾಗ ಮಾಡಿದರು. "ಬಾಮ್ಮ, ಬಸುರಿ ಹೆಂಗಸು ಎಷ್ಟು ಹೊತ್ತು ನಿಂತಿರ್ತೀಯ. ಒಳಗೆ ಬಂದು ಬಾಗಿಲು ಹಾಕ್ಕೋ, ಗಾಳಿ ಬರುತ್ತೆ."